ಹಳೆಯ ಎಟಿಯೋಸ್: ಆರು ವರ್ಷ ಓಡಿಸಿದ ಮೇಲೆ ಬರೆದದ್ದು, ಜೊತೆಗೆ ಪ್ರಶ್ನೋತ್ತರ

ಶರಾವತಿ ದಂಡೆ

ಮೂರು ಲಕ್ಷದ ಆಸುಪಾಸಿನಲ್ಲಿ ದೊಡ್ಡ ಡಿಕ್ಕಿಯ ಹಳೆಯ ಕಾರು ಬೇಕು ಎಂದು ಯಾರು ಕೇಳಿದರೂ ನಾನು ಮೊದಲು ಹೇಳುವ ಹೆಸರು ಟೊಯೋಟಾ ಎಟಿಯೋಸ್. ಹೇಳಿದ ಕೂಡಲೇ ಕೇಳಿದವರ ಮುಖ ಬಾಡುತ್ತದೆ. "ಅದು ಟ್ಯಾಕ್ಸಿಯಲ್ಲವೇ?" ಎನ್ನುತ್ತಾರೆ. ಹೌದು, ಟ್ಯಾಕ್ಸಿಯೇ. ಒಂದು ಕಾರನ್ನು ಹಗಲಿರುಳು ದುಡಿಸಿ ಹೊಟ್ಟೆ ಹೊರೆಯುವವರು ವರ್ಷಗಟ್ಟಲೆ ಅದನ್ನೇ ಆರಿಸಿಕೊಂಡರು ಎಂದರೆ ಅದು ಕಾರಿಗೆ ಸಿಕ್ಕ ಯೋಗ್ಯತಾ ಪತ್ರ ಎಂದೇ ನಾನು ತಿಳಿಯುತ್ತೇನೆ. ಮನೆಬಳಕೆಯ ಎಟಿಯೋಸ್ ಕೂಡ ಅದೇ ಕಾರಣಕ್ಕೆ ಕಡಿಮೆ ಬೆಲೆಗೆ ಸಿಗುತ್ತಿದೆ. ಅದನ್ನು ಯಾರೂ ಬಳಸಿಕೊಳ್ಳುತ್ತಿಲ್ಲವಲ್ಲ ಎಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನದು 2014ರ ಪೆಟ್ರೋಲ್ ಗಾಡಿ, ಮೇಲಿನ ದರ್ಜೆಯ ವಿಎಕ್ಸ್. 2019ರ ಕೊನೆಯಲ್ಲಿ ಶಿವಮೊಗ್ಗದ ನಿವೃತ್ತ ಬ್ಯಾಂಕ್ ನೌಕರರೊಬ್ಬರಿಂದ 3.40 ಲಕ್ಷಕ್ಕೆ ಕೊಂಡೆ. ಆಗ 41,000 ಕಿ.ಮೀ. ಓಡಿತ್ತು, ಈಗ 1,18,000 ದಾಟಿದೆ. ಅವರು ಪ್ರತಿ ಸರ್ವೀಸಿನ ರಸೀದಿಯನ್ನೂ ದಿನಾಂಕವಾರು ಪೋಣಿಸಿಟ್ಟಿದ್ದರು. ಕಾರಿನ ಬಣ್ಣ ನನಗೆ ಹಿಡಿಸಿರಲಿಲ್ಲ. ಆ ಕಡತ ನೋಡಿ ಕೊಂಡೆ.

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕಾರಿಟ್ಟುಕೊಂಡವರಿಗೆ ಡಿಕ್ಕಿ ಎಂದರೆ ಏನು ಎಂಬುದನ್ನು ಪೇಟೆಯವರಿಗೆ ವಿವರಿಸುವುದು ಕಷ್ಟ. ಚಳಿಗಾಲದಲ್ಲಿ ಅಡಿಕೆ ಚೀಲ, ಬೇಸಿಗೆಯಲ್ಲಿ ಹಲಸಿನ ಹಣ್ಣು, ಮದುವೆ ಮುಂಜಿಗಳಿಗೆ ಪಾತ್ರೆ ಪರಡಿ, ಮಕ್ಕಳನ್ನು ಹಾಸ್ಟೆಲ್‌ಗೆ ಬಿಡುವಾಗ ಹಾಸಿಗೆ ಸಮೇತ ಸಂಸಾರ. ಎಟಿಯೋಸ್ ಡಿಕ್ಕಿ 595 ಲೀಟರ್. 2012ರ ಮಾರುತಿ ಡಿಸೈರ್‌ನದು 316 ಲೀಟರ್. ಈ ಅಂತರಕ್ಕೆ ತೆರಿಗೆಯೇ ಕಾರಣ. ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, ಸಣ್ಣ ಎಂಜಿನ್ನಿನ ಕಾರುಗಳಿಗೆ ತೆರಿಗೆ ಕಡಿಮೆಯಾದ್ದರಿಂದ ಒಬ್ಬೊಬ್ಬರಾಗಿ ಹಲವರು ಸೆಡಾನಿನ ಬಾಲ ಕತ್ತರಿಸಿದರು. ಎಟಿಯೋಸ್ ನಾಲ್ಕು ಮೀಟರಿಗಿಂತ ಹೆಚ್ಚಿನ ಉದ್ದವನ್ನು ಕೊನೆಯವರೆಗೂ ಉಳಿಸಿಕೊಂಡಿತು.

ಎರಡನೆಯ ಗುಣ ಹಿಂದಿನ ಸೀಟಿನದು. ಕಾಲಿಡುವ ಜಾಗದಲ್ಲಿ ನಡುವೆ ಏಳುವ ದಿಣ್ಣೆ ಇದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ನೆಲ ಸಪಾಟಾಗಿದೆ. ಮೂರನೆಯವರು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂರಬೇಕಾಗಿಲ್ಲ. ಬಾಗಿಲು ಅಗಲವಾಗಿ ತೆರೆಯುತ್ತದೆ, ಸೀಟು ತೀರಾ ತಗ್ಗಿನಲ್ಲಿಲ್ಲ. ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ. ನೆಂಟರ ದೊಡ್ಡ ಕಾರಿಗೆ ಹತ್ತಲು ಅವರಿಗೆ ಕೈಯಾಸರೆ ಬೇಕು, ಇದಕ್ಕೆ ತಾವೇ ಹತ್ತಿ ಕೂರುತ್ತಾರೆ.

ಎಂಜಿನ್ 1,496 ಸಿಸಿ, 90 ಪಿಎಸ್ (ಅಶ್ವಶಕ್ತಿ). ಅಂಕಿಯಲ್ಲಿ ದೊಡ್ಡದಲ್ಲ. ಆದರೆ ಗಾಡಿಯೇ ಹಗುರ, ಮತ್ತು 132 ನ್ಯೂಟನ್ ಮೀಟರಿನ ಎಳೆತ ನಿಮಿಷಕ್ಕೆ 3,000 ಸುತ್ತಿಗೇ ಪೂರ್ತಿ ಸಿಗುತ್ತದೆ. ಆಗುಂಬೆಯ ತಿರುವುಗಳನ್ನು ಐದು ಜನ ಕುಳಿತು, ಎ.ಸಿ. ಹಾಕಿಕೊಂಡು, ಎರಡನೆಯ ಗೇರಿನಲ್ಲಿ ಹತ್ತುವಾಗ ಅದು ಉಸಿರು ಕಟ್ಟಿದಂತೆ ಆಡುವುದಿಲ್ಲ. ಲೀಟರಿಗೆ ಊರೊಳಗೆ 13, ಹೆದ್ದಾರಿಯಲ್ಲಿ 17ರಿಂದ 18 ಕಿ.ಮೀ. ಕೊಡುತ್ತಿದೆ. ಎ.ಸಿ. ಬಗ್ಗೆ ಒಂದು ಮಾತು ಹೇಳಲೇಬೇಕು: ಏಪ್ರಿಲ್‌ನಲ್ಲಿ ಚಿತ್ರದುರ್ಗದ ಬಯಲಿನಲ್ಲಿ ಮಧ್ಯಾಹ್ನ ಎರಡಕ್ಕೆ ಹೋಗುತ್ತಿದ್ದಾಗ ಹಿಂದೆ ಕುಳಿತ ಮಗಳು ಶಾಲು ಕೇಳಿದ್ದಳು.

ಕೊರತೆಗಳನ್ನೂ ಹೇಳುತ್ತೇನೆ. ವೇಗ ತೋರಿಸುವ ಫಲಕ ಚಾಲಕನ ಎದುರಿಗಿಲ್ಲ, ಡ್ಯಾಶ್‌ಬೋರ್ಡಿನ ನಟ್ಟನಡುವೆ ಇದೆ. ಕಣ್ಣು ಅದಕ್ಕೆ ಹೊಂದಿಕೊಳ್ಳಲು ನನಗೆ ಒಂದು ತಿಂಗಳು ಹಿಡಿಯಿತು. ಗಾಜು ಒರೆಸಲು ಒಂದೇ ಉದ್ದನೆಯ ಕೈ, ಅದರ ರಬ್ಬರನ್ನು ಪ್ರತಿ ಮಳೆಗಾಲಕ್ಕೂ ಮುಂಚೆ ತಪ್ಪದೆ ಬದಲಿಸುತ್ತೇನೆ. ಒಳಗಿನ ಪ್ಲಾಸ್ಟಿಕ್ ಸಾದಾ, ಬಾಗಿಲು ಹಾಕಿದರೆ ಗಟ್ಟಿ ಸದ್ದು ಬರುವುದಿಲ್ಲ, ಟಯರಿನ ಸದ್ದು ಒಳಗೆ ಕೇಳಿಸುತ್ತದೆ. ಹಗುರ ಕಟ್ಟಿದರೆ ಇಂಧನ ಉಳಿಯುತ್ತದೆ, ಅದಕ್ಕೆ ತೆತ್ತ ಬೆಲೆ ಇದು. ಹೊಸ ಕಾರಿನ ಮಳಿಗೆಯಿಂದ ನೇರವಾಗಿ ಬಂದು ಇದರಲ್ಲಿ ಕುಳಿತವರಿಗೆ ಬೇಸರವಾಗುವುದು ಖಂಡಿತ.

ಆರು ವರ್ಷದಲ್ಲಿ ಹಾಕಿಸಿದ್ದು: ನಾಲ್ಕು ಟಯರು, ಎರಡು ಸಲ ಬ್ಯಾಟರಿ, 92,000 ಕಿ.ಮೀ. ಆದಾಗ ಕ್ಲಚ್ ಪ್ಲೇಟು, ಮುಂದಿನ ಸಸ್ಪೆನ್ಷನ್ನಿನ ಬುಶ್‌ಗಳು, ಬ್ರೇಕ್ ಪ್ಯಾಡು. ಎಂಜಿನ್ ಒಳಗೆ ಯಾರೂ ಕೈ ಹಾಕಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ, ತಿಳಿದಷ್ಟು ಹೇಳುತ್ತೇನೆ.

ಹೊಸದುರ್ಗದ ಹುಡುಕಾಟ

ಸರ್, ಸರಿಯಾದ ಹೊತ್ತಿಗೆ ಬರೆದಿರಿ. ತಾಯಿಗೆ ಮಂಡಿ ನೋವು. ಎರಡು ವಾರಕ್ಕೊಮ್ಮೆ ದಾವಣಗೆರೆಯ ಆಸ್ಪತ್ರೆಗೆ ಹೋಗಬೇಕು, ಬಸ್ಸಿನ ಮೆಟ್ಟಿಲು ಹತ್ತಲು ಈಗ ಆಗುತ್ತಿಲ್ಲ. ನನ್ನ ಮಿತಿ ಮೂರು ಲಕ್ಷ, ಎಳೆದಾಡಿದರೆ 3.20. ಬೆಂಗಳೂರಿನ ಹಳೆ ಕಾರು ವ್ಯಾಪಾರಿಯೊಬ್ಬರ ಬಳಿ 2015ರ ಡೀಸೆಲ್ ಎಟಿಯೋಸ್ ಇದೆ. 68,000 ಕಿ.ಮೀ. ತೋರಿಸುತ್ತಿದೆ, 3.10 ಹೇಳುತ್ತಿದ್ದಾರೆ. ಫೋಟೋದಲ್ಲಿ ಹೊಸದರಂತೆ ಹೊಳೆಯುತ್ತಿದೆ. ತಿಂಗಳಿಗೆ ನನ್ನ ಓಡಾಟ 700 ಕಿ.ಮೀ. ಇರಬಹುದು. ಡೀಸೆಲ್ ತೆಗೆದುಕೊಳ್ಳಲೇ?

ಹಳದಿ ಫಲಕ

ಹೊಸದುರ್ಗದವರೇ, ಮುಂಗಡ ಕೊಟ್ಟಿಲ್ಲ ತಾನೇ? ಕೊಟ್ಟಿಲ್ಲದಿದ್ದರೆ ಇದನ್ನು ಪೂರ್ತಿ ಓದಿ.

ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ಎಟಿಯೋಸ್ ಡೀಸೆಲ್ ಟ್ಯಾಕ್ಸಿ ಓಡಿಸಿದವನು. 2012ರ ಗಾಡಿ. ದೇವನಹಳ್ಳಿ ವಿಮಾನ ನಿಲ್ದಾಣ, ಮೈಸೂರು, ತಿರುಪತಿ, ಧರ್ಮಸ್ಥಳ. ವಾರದಲ್ಲಿ ಒಂದು ದಿನ ಮಾತ್ರ ಅದಕ್ಕೆ ಬಿಡುವು. ಮಾರುವಾಗ 4,60,000 ಕಿ.ಮೀ. ಆಗಿತ್ತು. ಅದರ ದುಡಿಮೆಯಲ್ಲಿ ತಂಗಿಯ ಮದುವೆ ಮಾಡಿದೆ, ಊರಿನಲ್ಲಿ ಮನೆಗೆ ಆರ್‌ಸಿಸಿ ಹಾಕಿಸಿದೆ. ಆ ಗಾಡಿಯ ಬಗ್ಗೆ ಯಾರಾದರೂ ಹಗುರವಾಗಿ ಮಾತನಾಡಿದರೆ ನನಗೆ ಈಗಲೂ ನೋವಾಗುತ್ತದೆ.

ಡೀಸೆಲ್ ಎಂಜಿನ್ 1,364 ಸಿಸಿ, 68 ಪಿಎಸ್, 170 ನ್ಯೂಟನ್ ಮೀಟರ್. ಇದೇ ಎಂಜಿನ್ನನ್ನು ಕೊರೊಲ್ಲಾ ಆಲ್ಟಿಸ್‌ನಲ್ಲಿ 88 ಪಿಎಸ್‌ಗೆ ಏರಿಸಿ ಕೊಟ್ಟಿದ್ದರು. ಎಟಿಯೋಸ್‌ನಲ್ಲಿ ಅದನ್ನು ಶಾಂತವಾಗಿ ದುಡಿಯಲು ಬಿಟ್ಟಿದ್ದರು, ಅದರ ದೀರ್ಘಾಯುಷ್ಯದ ಗುಟ್ಟು ಇಲ್ಲೇ ಇದೆ ಎಂಬುದು ನನ್ನ ನಂಬಿಕೆ. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋದರೆ 21 ಕಿ.ಮೀ. ಕೊಡುತ್ತಿತ್ತು.

ಈಗ ನಿಮ್ಮ ಗಾಡಿಯ ವಿಷಯ. ಬೆಂಗಳೂರಿನಲ್ಲಿ ಡೀಸೆಲ್ ಕೊಂಡವರು ಹೆಚ್ಚು ಓಡಾಟ ಇರುವವರು. ಅಂಥ ಗಾಡಿ ಇಷ್ಟು ವರ್ಷದಲ್ಲಿ 68,000 ಮಾತ್ರ ಓಡಿದೆ ಎಂದರೆ, ಇರಬಹುದು, ಆದರೆ ಪುರಾವೆ ಬೇಕು. ಟ್ಯಾಕ್ಸಿಯಾಗಿದ್ದ ಗಾಡಿಯ ಪರವಾನಗಿ ಹಿಂದಿರುಗಿಸಿ, ತೆರಿಗೆಯ ವ್ಯತ್ಯಾಸ ಕಟ್ಟಿ, ಬಿಳಿ ಫಲಕಕ್ಕೆ ಬದಲಿಸಲು ಕಾನೂನಿನಲ್ಲೇ ದಾರಿಯಿದೆ. ಬದಲಿಸುವುದು ತಪ್ಪಲ್ಲ, ಬದಲಿಸಿದ್ದನ್ನು ಮುಚ್ಚಿಟ್ಟು ಮಾರುವುದು ತಪ್ಪು. ನನ್ನ ಗಾಡಿಯನ್ನು ನಾನು 4,60,000 ಎಂದು ಬಾಯಿಬಿಟ್ಟು ಹೇಳಿಯೇ ಮಾರಿದ್ದೆ. ಎರಡು ತಿಂಗಳ ನಂತರ ಅದೇ ಗಾಡಿ 90,000 ಕಿ.ಮೀ. ತೋರಿಸುತ್ತಾ ಜಾಹೀರಾತಿನಲ್ಲಿ ಕಂಡಿತು. ಹಿಂದಿನ ಬಂಪರಿನ ಎಡ ಮೂಲೆಯಲ್ಲಿ ನಾನೇ ಬಳಿದ ಬಣ್ಣದ ಗುರುತಿನಿಂದ ಪತ್ತೆ ಹಚ್ಚಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಲ್ಲಿ ನೋಡಬೇಕು ಎಂದರೆ: ಟ್ಯಾಕ್ಸಿಗಳಿಗೆ ಗಂಟೆಗೆ 80 ಕಿ.ಮೀ. ಮಿತಿಯ ವೇಗ ನಿಯಂತ್ರಕ ಹಾಕಿಸಬೇಕಿತ್ತು. ಅದನ್ನು ಕಿತ್ತರೂ ಕತ್ತರಿಸಿ ಟೇಪು ಸುತ್ತಿದ ತಂತಿ, ಸ್ಕ್ರೂ ತೂತು ಎಲ್ಲೋ ಒಂದು ಕಡೆ ಉಳಿದಿರುತ್ತದೆ. ಆಕ್ಸಿಲರೇಟರ್ ಪೆಡಲಿನ ಮೇಲ್ಭಾಗಕ್ಕೂ ಬಾನೆಟ್ಟಿನ ಕೆಳಗೂ ಟಾರ್ಚ್ ಹಿಡಿಯಿರಿ. ಮೇಲ್ಛಾವಣಿಯ ಅಂಚಿನಲ್ಲಿ ಸಾಮಾನಿನ ಕ್ಯಾರಿಯರ್ ಕೂತಿದ್ದ ಗೆರೆ ಇದೆಯೇ ನೋಡಿ. ಹಿಂದಿನ ಎಡಬಾಗಿಲಿನ ಹಿಡಿಯನ್ನು ಮುಟ್ಟಿ ನೋಡಿ. ಮನೆಯ ಗಾಡಿಯಲ್ಲಿ ಚಾಲಕನ ಬಾಗಿಲು ಹೆಚ್ಚು ಸವೆಯುತ್ತದೆ, ಟ್ಯಾಕ್ಸಿಯಲ್ಲಿ ಹಿಂದಿನ ಎಡಬಾಗಿಲು. ಇದನ್ನು ಮರೆಮಾಚುವುದು ಯಾವ ಪಾಲಿಶಿನಿಂದಲೂ ಸುಲಭವಲ್ಲ.

ಸ್ಪಾನರ್ ಹಿಡಿದ ಕೈ

ಹಳದಿ ಫಲಕದವರು ಹೇಳಿದ ಬಾಗಿಲಿನ ಮಾತು ನೂರಕ್ಕೆ ನೂರು ನಿಜ. ತುಮಕೂರಿನಲ್ಲಿ ನನ್ನದು ಹದಿನೇಳು ವರ್ಷದ ಗ್ಯಾರೇಜು. ಕೊಳ್ಳುವ ಮುಂಚೆ ಗಾಡಿ ತೋರಿಸಲು ಬರುವವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

ಮೀಟರಿನ ಅಂಕಿಯನ್ನು ಮರೆತುಬಿಡಿ, ಅದನ್ನು ತಿದ್ದಲು ಅರ್ಧ ಗಂಟೆ ಸಾಕು. ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ, ಸ್ಟಿಯರಿಂಗ್ ಚಕ್ರ ಹತ್ತು ಗಂಟೆ, ಎರಡು ಗಂಟೆಯ ಜಾಗದಲ್ಲಿ ಹೊಳೆಯುತ್ತಿದ್ದರೆ, ಚಾಲಕನ ಸೀಟಿನ ಬಲ ಅಂಚು ಕುಸಿದಿದ್ದರೆ ಆ ಗಾಡಿ ಲಕ್ಷ ದಾಟಿ ಬಹಳ ಕಾಲವಾಗಿದೆ. 68,000ದ ಗಾಡಿಯಲ್ಲಿ ಈ ಮೂರೂ ಹೊಚ್ಚಹೊಸದಾಗಿದ್ದರೂ ಅನುಮಾನಿಸಿ: ಏಕೆ ಬದಲಿಸಿದರು?

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು ಎಂದರ್ಥ. ಟಯರಿನ ಮೇಲಿನ ಪಟ್ಟೆ ಎಷ್ಟೇ ಚೆನ್ನಾಗಿರಲಿ, ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿತ ಬಿಡುತ್ತದೆ. ಟಯರಿನ ಖರ್ಚನ್ನು ಬೆಲೆಯಿಂದ ಕಳೆದು ಮಾತನಾಡಿ. ಗಾಜುಗಳ ಮೂಲೆಯಲ್ಲೂ ತಯಾರಿಕೆಯ ಗುರುತು ಇರುತ್ತದೆ. ಐದು ಗಾಜು ಒಂದು ಕಾಲದ್ದು, ಒಂದು ಮಾತ್ರ ಬೇರೆಯದ್ದು ಎಂದರೆ ಆ ಕಡೆ ಏನೋ ಪೆಟ್ಟು ಬಿದ್ದಿದೆ. ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ತೆಗೆದು ತಳದ ತಗಡು ನೋಡಿ. ಕಾರ್ಖಾನೆಯ ಬೆಸುಗೆ ಚುಕ್ಕಿಗಳು ಸಮನಾದ ಅಂತರದಲ್ಲಿ ಗುಂಡಗಿರುತ್ತವೆ, ಗ್ಯಾರೇಜಿನದ್ದು ಹಾಗಿರುವುದಿಲ್ಲ.

ಬೆಳಿಗ್ಗೆ ಮೊದಲ ಸಲ ಚಾಲೂ ಮಾಡುವಾಗ ನೀವು ಎದುರಿಗಿರಬೇಕು. ಅಲ್ಲಿಗೆ ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಮಾರುವವರು ಏನನ್ನೋ ತಪ್ಪಿಸಿದ್ದಾರೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ. ಡೀಸೆಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಅಥವಾ ಟರ್ಬೋ ಕಡೆ ಖರ್ಚು ಕಾದಿದೆ.

ತಿಂಗಳಿಗೆ 700 ಕಿ.ಮೀ. ಓಡಿಸುವವರಿಗೆ ಡೀಸೆಲ್ ಬೇಡವೇ ಬೇಡ. ಇಂಧನದಲ್ಲಿ ಉಳಿಸಿದ ದುಡ್ಡು ಒಂದು ಸಲ ಇಂಜೆಕ್ಟರ್ ಬಿಚ್ಚಿದರೆ ಹೋಗುತ್ತದೆ. ಪೆಟ್ರೋಲ್ ಹುಡುಕಿ.

ಕರಾವಳಿ ಗಾಳಿ

ಒಂದು ಸೇರಿಸುತ್ತೇನೆ. ಉಡುಪಿ, ಮಂಗಳೂರಿನ ಗಾಡಿ ಕೊಳ್ಳುವುದಾದರೆ ಲಿಫ್ಟಿಗೇರಿಸಿ ತಳ ನೋಡದೆ ಕೊಳ್ಳಬೇಡಿ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಬಾಗಿಲಿನ ಕೆಳಗಿನ ಪಟ್ಟಿ, ಸೈಲೆನ್ಸರ್ ಪೈಪು, ಸ್ಟೆಪ್ನಿ ಗುಳಿಯಲ್ಲಿ ತುಕ್ಕು ಹಿಡಿಯುತ್ತದೆ. ಮೇಲಿನ ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ. ನಮ್ಮ ಮನೆಯ ಕಾರಿಗೆ ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ತಳಕ್ಕೆ ಲೇಪ ಹಾಕಿಸುತ್ತೇವೆ.

ದಾಸವಾಳ

ಎಲ್ಲರೂ ಡಿಕ್ಕಿ, ಮೈಲೇಜು, ಪೆಡಲಿನ ರಬ್ಬರ್ ಬಗ್ಗೆ ಬರೆದಿದ್ದೀರಿ. ಏರ್‌ಬ್ಯಾಗ್ ಎಂಬ ಪದ ಇಲ್ಲಿಯವರೆಗೆ ಒಬ್ಬರ ಬಾಯಲ್ಲೂ ಬಂದಿಲ್ಲ. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಏಳು ವರ್ಷದ ಹಿಂದೆ ನನ್ನ ಅಣ್ಣ ಹಳೆಯ ಕಾರೊಂದರಲ್ಲಿ ಹೋಗುವಾಗ ಹಿರಿಯೂರಿನ ಬಳಿ ಅಪಘಾತವಾಯಿತು. ಜೀವ ಉಳಿಯಿತು, ಮುಖಕ್ಕೆ ಮೂರು ಶಸ್ತ್ರಚಿಕಿತ್ಸೆ ಆಯಿತು. ಆ ಕಾರಿನಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಕೊಳ್ಳುವಾಗ ನಾವು ಯಾರೂ ಅದನ್ನು ಕೇಳಿರಲೂ ಇಲ್ಲ.

ಎಟಿಯೋಸ್‌ನಲ್ಲಿ ಆರಂಭದ ವರ್ಷಗಳ ಕೆಳದರ್ಜೆಯ ಗಾಡಿಗಳಿಗೆ ಏರ್‌ಬ್ಯಾಗ್ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಪ್ಲಾಟಿನಂ ಎಂಬ ಹೆಸರಿನಲ್ಲಿ ಬಂದ ಎಟಿಯೋಸ್‌ನ ಎಲ್ಲ ದರ್ಜೆಗಳಲ್ಲೂ ಮುಂದೆ ಎರಡು ಏರ್‌ಬ್ಯಾಗ್, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್, ಮಕ್ಕಳ ಸೀಟು ಬಿಗಿಯುವ ಐಸೋಫಿಕ್ಸ್ ಕೊಂಡಿ ಇವೆ. ಅದೇ ವರ್ಷ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ಇದರ ತಮ್ಮನಾದ ಎಟಿಯೋಸ್ ಲಿವಾವನ್ನು ಎರಡು ಏರ್‌ಬ್ಯಾಗ್‌ಗಳೊಂದಿಗೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ಪರೀಕ್ಷಿಸಿತು. ದೊಡ್ಡವರ ರಕ್ಷಣೆಗೆ ಐದರಲ್ಲಿ ನಾಲ್ಕು ನಕ್ಷತ್ರ, ಮಕ್ಕಳ ರಕ್ಷಣೆಗೆ ಎರಡು. ಆ ನಾಲ್ಕು ನಕ್ಷತ್ರ ಏರ್‌ಬ್ಯಾಗ್ ಇರುವ ಗಾಡಿಯದ್ದು ಎಂಬುದನ್ನು ಮರೆಯಬೇಡಿ. ಬಾಗಿಲಿನ ತಗಡು ಹಗುರ ಎಂದು ಈ ಕಾರನ್ನು ಜರಿಯುವವರೂ ಗಮನಿಸಬೇಕು: ಗುದ್ದಿನ ಶಕ್ತಿಯನ್ನು ಹೀರುವುದು ಒಳಗಿನ ಚೌಕಟ್ಟು, ಹೊರಗಿನ ತಗಡಲ್ಲ.

ತಾಯಿಯನ್ನು ಕೂರಿಸಿಕೊಂಡು ಹೋಗುವ ಕಾರು ಎಂದಿರಿ, ಹೊಸದುರ್ಗದವರೇ. ಏರ್‌ಬ್ಯಾಗ್ ಇಲ್ಲದ್ದನ್ನು ದಯವಿಟ್ಟು ನೋಡಲೂ ಹೋಗಬೇಡಿ. ಹಿಂದೆ ಕುಳಿತವರೂ ಬೆಲ್ಟ್ ಹಾಕಲಿ.

ಶರಾವತಿ ದಂಡೆ

ದಾಸವಾಳ ಅವರೇ, ನೀವು ಹೇಳಿದ್ದು ಸರಿ. ನಾನು ವಿಎಕ್ಸ್ ದರ್ಜೆಯನ್ನೇ ಹುಡುಕಿದ್ದು ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್‌ಗಾಗಿ. ಆದರೆ ಅಷ್ಟುದ್ದ ಬರೆಯುವಾಗ ಅದನ್ನೇ ಬಿಟ್ಟುಬಿಟ್ಟಿದ್ದೆ. ಡಿಕ್ಕಿಗಿಂತ ಮೊದಲು ಬರೆಯಬೇಕಾಗಿದ್ದ ಮಾತು ಅದು. ನಿಮ್ಮ ಅಣ್ಣ ಈಗ ಚೆನ್ನಾಗಿದ್ದಾರೆ ಎಂದು ಆಶಿಸುತ್ತೇನೆ.

ನಾಲ್ಕು ಚಕ್ರ, ಒಂದು ಮನಸ್ಸು

ಇಷ್ಟೆಲ್ಲ ಓದಿದ ಮೇಲೂ ನನ್ನ ಮತ ಹೋಂಡಾ ಸಿಟಿಗೆ. 2008ರ ಕೊನೆಯಲ್ಲಿ ಬಂದ ಮಾದರಿ, 1.5 ಲೀಟರಿನ 118 ಪಿಎಸ್ ಎಂಜಿನ್, ಡಿಕ್ಕಿಯೂ 506 ಲೀಟರ್. ಒಮ್ಮೆ ಓಡಿಸಿ ನೋಡಿ. ಸ್ಟಿಯರಿಂಗ್ ಹಿಡಿದರೆ ಕೈಗೆ ಸಿಗುವ ಸುಖ, ಒಳಗಿನ ನಿಶ್ಶಬ್ದ, ಬಾಗಿಲು ಹಾಕಿದಾಗಿನ ಆ ಗಟ್ಟಿ ಸದ್ದು. ಎಟಿಯೋಸ್ ಇದರ ಹತ್ತಿರಕ್ಕೂ ಬರುವುದಿಲ್ಲ. ಕಾರು ಎಂದರೆ ಬರೀ ಸಾಮಾನು ಸಾಗಿಸುವ ಸಾಧನವಲ್ಲ. ಹದಿನಾಲ್ಕು ವರ್ಷದಿಂದ ನನ್ನ ಸಿಟಿಯಲ್ಲಿ ಕೂರುವಾಗ ಪ್ರತಿ ಬಾರಿಯೂ ಮನಸ್ಸು ಅರಳುತ್ತದೆ, ಅದಕ್ಕೂ ಬೆಲೆಯಿದೆ.

ಸ್ಪಾನರ್ ಹಿಡಿದ ಕೈ

ಸಿಟಿ ಒಳ್ಳೆಯ ಗಾಡಿ, ಎಂಜಿನ್ನಿಗೆ ಕೈ ಮುಗಿಯಬೇಕು. ಆದರೆ ಐದು ಜನ ಕುಳಿತು ಹಳ್ಳಿ ದಾರಿಯ ಉಬ್ಬು ದಾಟಿಸಿ ನೋಡಿ, ತಳ ಕೆರೆಯುವ ಸದ್ದಿಗೆ ಹೊಟ್ಟೆ ಉರಿಯುತ್ತದೆ. ಸೀಟು ತಗ್ಗಿನಲ್ಲಿರುವುದರಿಂದ ಮಂಡಿ ನೋವಿರುವವರಿಗೆ ಇಳಿಯುವುದೂ ಏಳುವುದೂ ಪ್ರಯಾಸ. ಮೂರು ಲಕ್ಷಕ್ಕೆ ಸಿಗುವ ಸಿಟಿ ಬಹಳ ಹಳೆಯದಾಗಿರುತ್ತದೆ ಎಂಬುದನ್ನೂ ಲೆಕ್ಕಕ್ಕಿಡಿ. ಇಲ್ಲಿ ಕೇಳಿದವರ ಅಗತ್ಯ ತಾಯಿಯದು.

ನಾಲ್ಕು ಚಕ್ರ, ಒಂದು ಮನಸ್ಸು

ಮಂಡಿ ನೋವಿನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಒಪ್ಪಿದೆ.

ಬಯಲುಸೀಮೆ

ಪೆಟ್ರೋಲ್ ಕೊಳ್ಳಿ ಎನ್ನುತ್ತಿದ್ದೀರಿ, ಆದರೆ ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆಸಿದ ಇ20. 2014ರ ಗಾಡಿಗೆ ಅದು ಆಗಿಬರುತ್ತದೆಯೇ? ಇನ್ನೊಂದು, ಡೀಸೆಲ್ ಗಾಡಿ ಹತ್ತು ವರ್ಷಕ್ಕೆ ಗುಜರಿಗೆ ಹೋಗಬೇಕು ಎಂದು ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ.

ಕಡತ ನೋಡುವವಳು

ಎರಡನೆಯದಕ್ಕೆ ಮೊದಲು ಉತ್ತರ: ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ನಿರ್ಬಂಧ ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದ್ದು. ಕರ್ನಾಟಕದಲ್ಲಿ ಹಾಗಿಲ್ಲ. ಇಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಯೋಗ್ಯತಾ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಹದಿನೈದು ದಾಟಿದ ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿಸಿದ್ದಾರೆ, ಹಸಿರು ತೆರಿಗೆ ಬೇರೆ. 2010ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಎಟಿಯೋಸ್‌ನ ಮೊದಲ ಗಾಡಿಗಳು ಈ ಗಡಿಗೆ ಬಂದಿವೆ. 2011ರದ್ದು ಅಗ್ಗವಾಗಿ ಸಿಕ್ಕಿತು ಎಂದು ಹಿಗ್ಗುವ ಮುಂಚೆ ನೋಂದಣಿ ಪತ್ರದಲ್ಲಿ ಅವಧಿ ಯಾವಾಗ ಮುಗಿಯುತ್ತದೆ ಎಂದು ನೋಡಿ.

ವರ್ಗಾವಣೆಗೆ ನಮೂನೆ 29 ಮತ್ತು 30. ಗಾಡಿಯ ಮೇಲೆ ಸಾಲವಿದ್ದಿದ್ದರೆ ಬ್ಯಾಂಕಿನ ಪತ್ರ, ನಮೂನೆ 35. ಸಾಲ ತೀರಿಸಿ ಐದು ವರ್ಷವಾದರೂ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿಸಿಕೊಂಡವರು ಎಷ್ಟೋ ಮಂದಿ. ಅದನ್ನು ತೆಗೆಸುವ ಜವಾಬ್ದಾರಿ ಮಾರುವವರದ್ದು, ಹಣ ಕೊಡುವ ಮುಂಚೆ ಆಗಲಿ. ಸಂಚಾರ ದಂಡ ಬಾಕಿಯಿದೆಯೇ ಎಂದು ನೋಂದಣಿ ಸಂಖ್ಯೆ ಹಾಕಿ ಪರಿಶೀಲಿಸಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯ, ಹಾಕಿಸಿಲ್ಲದಿದ್ದರೆ ಅವರಿಂದಲೇ ಹಾಕಿಸಿ. ವಿಮೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ: ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಗಾಡಿಗೆ ಸೇರಿದ್ದಲ್ಲ, ಮಾಲೀಕನಿಗೆ ಸೇರಿದ್ದು. ಹಳೆಯ ಮಾಲೀಕರ ಶೇಕಡ 50 ರಿಯಾಯಿತಿ ನಿಮಗೆ ಬರುವುದಿಲ್ಲ. ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸದೆ ಓಡಿಸಬೇಡಿ.

ಸ್ಪಾನರ್ ಹಿಡಿದ ಕೈ

ಇ20 ಬಗ್ಗೆ ನಾನು ಹೇಳುತ್ತೇನೆ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ ಶಕ್ತಿ ಇದೆ. ಹಾಗಾಗಿ ಶೇಕಡ 20 ಬೆರೆಸಿದರೆ ಶುದ್ಧ ಪೆಟ್ರೋಲಿಗೆ ಹೋಲಿಸಿದಾಗ ಆರೇಳು ಶೇಕಡದಷ್ಟು ಮೈಲೇಜು ಇಳಿಯುವುದು ಸಹಜ. ಹಿಂದೆ ಸಿಗುತ್ತಿದ್ದುದರಲ್ಲೂ ಶೇಕಡ 10 ಇತ್ತು, ಆದ್ದರಿಂದ ಕೈಗೆ ತಿಳಿಯುವ ವ್ಯತ್ಯಾಸ ಅದಕ್ಕಿಂತ ಕಡಿಮೆ. ಹಳೆಯ ಗಾಡಿಗಳಲ್ಲಿ ನಾನು ಕಾಳಜಿ ಮಾಡುವುದು ರಬ್ಬರ್ ಕೊಳವೆ, ಸೀಲುಗಳ ಬಗ್ಗೆ. ಪ್ರತಿ ಸರ್ವೀಸಿನಲ್ಲಿ ಇಂಧನದ ಕೊಳವೆಗಳನ್ನು ಬಗ್ಗಿಸಿ ಬಿರುಕು ನೋಡಬೇಕು, ಪೆಟ್ರೋಲ್ ವಾಸನೆ ಬಂದರೆ ಒಂದು ದಿನವೂ ತಡ ಮಾಡಬಾರದು. ಎಥನಾಲ್ ತೇವ ಹೀರುತ್ತದೆ. ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ಗಾಡಿ ನಿಲ್ಲಿಸುವವರು ಆ ಅಭ್ಯಾಸ ಬಿಡಬೇಕು.

ಸಿಎನ್‌ಜಿ ಹಾಕಿಸಿದ ಎಟಿಯೋಸ್ ಕೂಡ ಮಾರಾಟಕ್ಕೆ ಬರುತ್ತದೆ. ಸಿಲಿಂಡರ್ ಕೂರುವುದು ಡಿಕ್ಕಿಯಲ್ಲಿ. ಯಾವುದಕ್ಕಾಗಿ ಈ ಗಾಡಿ ಕೊಳ್ಳುತ್ತೀರೋ ಅದೇ ಹೋಗುತ್ತದೆ.

ಹೊಸದುರ್ಗದ ಹುಡುಕಾಟ

ನಿನ್ನೆ ಬೆಂಗಳೂರಿಗೆ ಹೋಗಿ ಆ ಡೀಸೆಲ್ ನೋಡಿದೆ. ಬೆಳಿಗ್ಗೆ ಏಳಕ್ಕೇ ಹೋದೆ, ಬಾನೆಟ್ ಬೆಚ್ಚಗಿತ್ತು. ಪೆಡಲಿನ ರಬ್ಬರ್ ಮೂರೂ ಹೊಸದು. ಹಿಂದಿನ ಎಡಬಾಗಿಲಿನ ಹಿಡಿ ಬೆರಳಿಗೆ ನುಣುಪಾಗಿ ಜಾರಿತು, ಚಾಲಕನ ಬಾಗಿಲಿನದು ಒರಟಾಗಿಯೇ ಇತ್ತು. ಟಾರ್ಚ್ ಹಿಡಿದಾಗ ಪೆಡಲಿನ ಮೇಲೆ ಕಪ್ಪು ಟೇಪು ಸುತ್ತಿದ ಎರಡು ತಂತಿ ಕಂಡವು. "ಇದು ಮೊದಲು ಟ್ಯಾಕ್ಸಿಯಾಗಿತ್ತೇ?" ಎಂದು ನೇರವಾಗಿ ಕೇಳಿದೆ. ಇಲ್ಲವೇ ಇಲ್ಲ, ವೈದ್ಯರೊಬ್ಬರ ಗಾಡಿ ಎಂದರು. ಸರ್ವೀಸ್ ದಾಖಲೆ ಕೇಳಿದರೆ ಸಿಗುವುದಿಲ್ಲ ಎಂದರು. ನಮಸ್ಕಾರ ಹೇಳಿ ಬಸ್ ಹತ್ತಿದೆ.

ಹಳದಿ ಫಲಕದವರೇ, ನಿಮ್ಮ ಒಂದು ಬರಹ ನನ್ನ ಮೂರು ಲಕ್ಷ ಉಳಿಸಿತು.

ಹಳದಿ ಫಲಕ

ನೋಡಿ ಬಂದಿರಲ್ಲ, ಸಮಾಧಾನವಾಯಿತು. ಅದು ಟ್ಯಾಕ್ಸಿಯಾಗಿದ್ದರೂ ನಿಜ ಹೇಳಿ, ಒಂದೂವರೆ ಲಕ್ಷಕ್ಕೆ ಕೊಟ್ಟಿದ್ದರೆ, ಎಂಜಿನ್ ತೋರಿಸಿ ತೆಗೆದುಕೊಳ್ಳಿ ಎಂದು ನಾನೇ ಹೇಳುತ್ತಿದ್ದೆ. ಆ ಗಾಡಿಯ ಮೇಲೆ ನನಗೆ ಮುನಿಸಿಲ್ಲ.

ಬಿಡದಿ ನೆರೆ

ಹುಡುಕುವವರಿಗೆ ಒಂದು ಸಮಾಧಾನದ ಸಂಗತಿ. ಎಟಿಯೋಸ್ ತಯಾರಾದದ್ದು ನಮ್ಮ ರಾಮನಗರದ ಕಡೆಯ ಬಿಡದಿಯ ಟೊಯೋಟಾದ ಎರಡನೆಯ ಕಾರ್ಖಾನೆಯಲ್ಲಿ. 2012ರಿಂದ ಇಲ್ಲಿಂದಲೇ ಎಣ್ಣೂರು ಬಂದರಿನ ಮೂಲಕ ದಕ್ಷಿಣ ಆಫ್ರಿಕಾಕ್ಕೂ ಹೋಯಿತು. 2020ರಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದಾಗ ತಯಾರಿಕೆ ನಿಂತಿತು. ನಿಂತ ಗಾಡಿಯ ಬಿಡಿಭಾಗ ಸಿಗುತ್ತದೆಯೋ ಇಲ್ಲವೋ ಎಂದು ಹೆದರುವವರು ರಸ್ತೆಯಲ್ಲಿ ಇನ್ನೂ ಎಷ್ಟು ಎಟಿಯೋಸ್ ಓಡುತ್ತಿವೆ ಎಂದು ಒಂದು ದಿನ ಎಣಿಸಲಿ. ಅಷ್ಟು ಗಾಡಿ ಓಡುತ್ತಿರುವಾಗ ಬ್ರೇಕ್ ಪ್ಯಾಡು, ಕ್ಲಚ್ಚು, ಫಿಲ್ಟರು ಮಾರುವವರು ಅಂಗಡಿ ಮುಚ್ಚುವುದಿಲ್ಲ.

ಹೊಸದುರ್ಗದ ಹುಡುಕಾಟ

ಹದಿನೆಂಟು ದಿನವಾದ ಮೇಲೆ ಬರೆಯುತ್ತಿದ್ದೇನೆ. ಹಾಸನದಲ್ಲಿ 2013ರ ಪೆಟ್ರೋಲ್ ವಿಎಕ್ಸ್ ಸಿಕ್ಕಿತು. ಎರಡನೆಯ ಮಾಲೀಕರು, 94,000 ಕಿ.ಮೀ., ಕೊನೆಯ ಆರು ವರ್ಷದ ರಸೀದಿಗಳಿವೆ. ಪೆಡಲು ಸವೆದಿದೆ, ಎಷ್ಟು ಸವೆಯಬೇಕೋ ಅಷ್ಟು. ಏರ್‌ಬ್ಯಾಗ್ ದೀಪ ಚಾಲೂ ಮಾಡಿದಾಗ ಹೊತ್ತಿ ಆರುತ್ತದೆ. ಟಯರು 2018ರವು, ತೋರಿಸಿದೆ, ಮಾತಿಲ್ಲದೆ ಹದಿನೈದು ಸಾವಿರ ಇಳಿಸಿದರು. ಎಡ ಹಿಂಬಾಗಿಲಿಗೆ ಒಂದು ತಗ್ಗು ಇದೆ, ಗೇಟಿಗೆ ತಾಗಿಸಿದ್ದು ಎಂದು ಅವರೇ ಮೊದಲು ಹೇಳಿದರು. 2.70ಕ್ಕೆ ಮುಗಿಯಿತು. ಉಳಿದದ್ದರಲ್ಲಿ ಟಯರು, ವಿಮೆ, ವರ್ಗಾವಣೆ.

ದಾಸವಾಳ ಅವರೇ, ಹಿಂದಿನ ಸೀಟಿನ ಬೆಲ್ಟುಗಳು ಕವರಿನ ಅಡಿಯಲ್ಲಿ ಹೂತುಹೋಗಿದ್ದವು. ನಿನ್ನೆ ಸಂಜೆ ಕವರು ಕಿತ್ತು ಹೊರಗೆಳೆದು ತೊಳೆದಿದ್ದೇನೆ. ಗುರುವಾರ ದಾವಣಗೆರೆಗೆ ಹೋಗುವುದಿದೆ. ಅಮ್ಮ ಆಗಲೇ ಎರಡು ಸಲ ಹತ್ತಿ ಇಳಿದು ನೋಡಿದರು.